ಕಲ್ಲು ಕಾಂಕ್ರೀಟಿನ ಕಟ್ಟಡದ ಫೋಟೋ: ಎಡಿಟ್ ಮಾಡಿದ ಮೇಲೆ ಜೀವ ಹೋಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹಾದಿಬದಿ ಕ್ಯಾಮೆರಾ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಹಕ್ಕಿ, ಜಾತ್ರೆ, ಮಳೆ ಇಂಥವನ್ನೇ ತೆಗೆಯುತ್ತಿದ್ದವಳು ನಾನು. ಒಂದು ವರ್ಷದಿಂದ ಕಟ್ಟಡಗಳ ಹಿಂದೆ ಬಿದ್ದಿದ್ದೇನೆ. ಜನವರಿಯಲ್ಲಿ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿ ಅರ್ಧ ದಿನ ಫೋಟೋ ತೆಗೆಯಲು ಅನುಮತಿ ಸಿಕ್ಕಿತ್ತು. ಅದನ್ನು ವಿನ್ಯಾಸ ಮಾಡಿದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ಅವರ ಕೆಲಸದ ಬಗ್ಗೆ ಓದಿಕೊಂಡೇ ಹೋಗಿದ್ದೆ, ಆದರೂ ಆ ಕಲ್ಲಿನ ಓಣಿಗಳಲ್ಲಿ ನಡೆಯುವಾಗ ಓದಿದ್ದೆಲ್ಲ ಮರೆತುಹೋಯಿತು. ಎರಡೂ ಕಡೆ ಎತ್ತರದ ಗ್ರಾನೈಟ್ ಗೋಡೆ. ಮೇಲೆ ಒಂದು ಕಡೆ ಬರೀ ತೊಲೆಗಳು, ಇನ್ನೊಂದು ಕಡೆ ಗಾಜು, ಮತ್ತೊಂದು ಕಡೆ ಸೀದಾ ಆಕಾಶ. ಹತ್ತು ಹೆಜ್ಜೆ ನಡೆದರೆ ಬೆಳಕೇ ಬೇರೆ.

ಮನೆಗೆ ಬಂದು, ಫೋಟೋ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್‌ನಲ್ಲಿ ಕೂತೆ. ಆಟೋ ಒತ್ತಿ ಗೋಡೆಗಳನ್ನು ನೇರ ಮಾಡಿದೆ. ನೆರಳನ್ನು ಬೆಳಗಿಸುವ ಶ್ಯಾಡೋ 80ರವರೆಗೆ ಎತ್ತಿದೆ, ತೀರಾ ಬೆಳಕಿನ ಭಾಗದ ಹೈಲೈಟ್ ಪೂರ್ತಿ ಇಳಿಸಿದೆ, ಅಂಚುಗಳನ್ನು ಎದ್ದು ಕಾಣಿಸುವ ಕ್ಲಾರಿಟಿ 50 ಕೊಟ್ಟೆ, ಬಿಳಿಚಿಕೊಂಡಿದ್ದ ಆಕಾಶಕ್ಕೆ ನೀಲಿ ಆಕಾಶ ಕೂರಿಸಿದೆ. ಈಗ ಮೂಲೆಮೂಲೆಯೂ ಸ್ಪಷ್ಟವಾಗಿ ಕಾಣುತ್ತಿದೆ. ಆದರೆ ಅಲ್ಲಿ ನಿಂತಾಗ ಇದ್ದ ಆ ತಂಪು ಇಲ್ಲ. ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ತಯಾರು ಮಾಡುತ್ತಾರಲ್ಲ, ಆ ಥರದ ಚಿತ್ರ ಆಗಿಬಿಟ್ಟಿದೆ.

24 ಮೆಗಾಪಿಕ್ಸೆಲ್ ಕ್ಯಾಮೆರಾ, 16 ಎಂಎಂ ಲೆನ್ಸ್ (ಫುಲ್ ಫ್ರೇಮಿಗೆ 24 ಎಂಎಂ ಲೆಕ್ಕ), ಟ್ರೈಪಾಡ್ ಇತ್ತು. ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾ ಏನೂ ತಿದ್ದದೆ ಉಳಿಸಿದ ಮೂಲ ಫೈಲ್. ಎಡಿಟ್ ಮಾಡಿದ ನಾಲ್ಕು ಚಿತ್ರ ಇಲ್ಲಿ ಹಾಕಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ.

ರಸಮಟ್ಟ:

ಮೇಡಂ, ನೀವು ಹಾಕಿದ ನಾಲ್ಕೂ ಚಿತ್ರ ನಿಧಾನವಾಗಿ ನೋಡಿದೆ. ಚೌಕಟ್ಟು ಚೆನ್ನಾಗಿದೆ. ನಿಂತ ಜಾಗವೂ ಸರಿ ಇದೆ. ಮುಖ್ಯವಾಗಿ ಹಾಳಾಗಿರುವುದು ಶ್ಯಾಡೋ 80 ಮಾಡಿದ್ದರಿಂದ, ಉಳಿದಿದ್ದು ಆಮೇಲಿನ ಮಾತು.

ಆ ಓಣಿಗಳನ್ನು ದೋಶಿ ಯಾಕೆ ಹಾಗೆ ಮಾಡಿದರು ಯೋಚಿಸಿ. ಫತೇಪುರ್ ಸಿಕ್ರಿಯ ಅಂಗಳ, ಮೊಗಸಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸ ಅದು. ತರಗತಿಯಿಂದ ತರಗತಿಗೆ ಹೋಗುವ ದಾರಿಯೇ ಅಲ್ಲಿ ಮುಖ್ಯ. ಅಲ್ಲಲ್ಲಿ ಓಣಿ ಅಗಲ ಆಗುವುದೂ ಜನ ನಿಂತು ಮಾತಾಡಲಿ, ಕೂರಲಿ ಅಂತ. ಹೊರಗೆ ಬಿಸಿಲು, ಒಳಗೆ ನೆರಳು, ತೊಲೆಗಳ ಸಂದಿಯಿಂದ ನೆಲದ ಮೇಲೆ ಪಟ್ಟೆಪಟ್ಟೆ ಬೆಳಕು. ನಿಮಗೆ ತಂಪು ಕೊಟ್ಟಿದ್ದು ಆ ನೆರಳೇ. ಅದನ್ನೇ ನೀವು ಎತ್ತಿ ಬೂದಿ ಬಣ್ಣ ಮಾಡಿದ್ದೀರಿ. ನೆಲದ ಪಟ್ಟೆಗೂ ಗೋಡೆಗೂ ವ್ಯತ್ಯಾಸವೇ ಉಳಿದಿಲ್ಲ.

ನಾನು ಮಾಡುವುದು ಹೀಗೆ. ನೆಲದ ಮೇಲಿನ ಬೆಳಕಿನ ಪಟ್ಟೆ ಸುಟ್ಟು ಬಿಳಿ ಆಗದ ಹಾಗೆ ಎಕ್ಸ್‌ಪೋಷರ್ ಇಡುತ್ತೇನೆ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ತನ್ನ ಚೌಕದ ಬಲ ಅಂಚಿಗೆ ತಾಗಿಯೂ ತಾಗದ ಹಾಗೆ. ಎಫ್ 8, ಐಎಸ್‌ಒ 100, ಟ್ರೈಪಾಡ್ ಇರುವುದರಿಂದ ಶಟರ್ ಎಷ್ಟು ಹೊತ್ತು ತೆರೆದಿದ್ದರೂ ಆಗಲಿ. ಬೆಳಕಿನ ಅಂತರ ತೀರಾ ಜಾಸ್ತಿ ಇದ್ದರೆ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲ ಅರ್ಧ) ಅಂತರದಲ್ಲಿ ಮೂರು ಚಿತ್ರ ತೆಗೆದಿಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಶ್ಯಾಡೋ 15, 20 ಅಷ್ಟೇ. ಕಲ್ಲಿನ ಮೇಲಿನ ಉಳಿ ಏಟು ಕಣ್ಣಿಗೆ ಬಿದ್ದ ತಕ್ಷಣ ಕೈ ತೆಗೆಯುತ್ತೇನೆ. ಕಪ್ಪಾಗಿಯೇ ಇರಬೇಕಾದ ಮೂಲೆ ಕಪ್ಪಾಗಿಯೇ ಇರಲಿ, ನಾವು ಅಲ್ಲಿ ನಿಂತಾಗಲೂ ನಮಗೆ ಆ ಮೂಲೆ ಕಂಡಿರಲಿಲ್ಲ ಅಲ್ವಾ.

ಕ್ಲಾರಿಟಿ 50 ಕೂಡ ಬೇಡ. ಅದು ಗೋಡೆ ಆಕಾಶ ಸೇರುವ ಅಂಚಿನಲ್ಲಿ ಬಿಳಿ ಗೆರೆ ಎಳೆಯುತ್ತದೆ, ನಿಮ್ಮ ಮೂರನೇ ಚಿತ್ರದಲ್ಲಿ ತೊಲೆಗಳ ಸುತ್ತ ನೋಡಿ. ಕಲ್ಲಿನ ಒರಟುತನ ಬೇಕಿದ್ದರೆ ಟೆಕ್ಸ್ಚರ್ ಬಳಸಿ, ಅದೂ ಮಾಸ್ಕ್ ಹಾಕಿ ಗೋಡೆಗೆ ಮಾತ್ರ.

ಕಪ್ಪು ಬಿಳುಪು:

ರಸಮಟ್ಟ ಸರ್ ಹೇಳಿದ ನೆರಳಿನ ಮಾತಿಗೆ ಒಂದು ಸೇರಿಸುತ್ತೇನೆ. ಫೋಟೋಗ್ರಾಫರ್ ಲೂಸಿಯೆನ್ ಎರ್ವೆ ಅವರ ಚಿತ್ರಗಳನ್ನು ನೋಡಿ ಮೇಡಂ. ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದವರು. 1949ರಲ್ಲಿ ಮಾರ್ಸೇಲಿಗೆ ಹೋಗಿ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಕಟ್ಟಿಸುತ್ತಿದ್ದ ದೊಡ್ಡ ವಸತಿ ಕಟ್ಟಡದ 650 ಫೋಟೋಗಳನ್ನು ಒಂದೇ ದಿನದಲ್ಲಿ ತೆಗೆದರು. ಅವನ್ನು ನೋಡಿದ ಕಾರ್ಬ್ಯೂಸಿಯೆ ತಮ್ಮ ಕಟ್ಟಡಗಳ ಫೋಟೋ ಕೆಲಸವನ್ನು ಅವರಿಗೇ ಕೊಟ್ಟರು, 1965ರಲ್ಲಿ ತಾವು ತೀರಿಕೊಳ್ಳುವವರೆಗೂ. ಕಾರ್ಬ್ಯೂಸಿಯೆ ವಿನ್ಯಾಸ ಮಾಡಿದ ನಮ್ಮ ಚಂಡೀಗಢಕ್ಕೂ ಎರ್ವೆ ಬಂದಿದ್ದರು.

ಅವರ ಚಿತ್ರದಲ್ಲಿ ಅರ್ಧಕ್ಕರ್ಧ ಕಪ್ಪು. ಒಂದು ಕಾಂಕ್ರೀಟ್ ಅಂಚು, ಅದರ ಓರೆ ನೆರಳು, ಎಲ್ಲೋ ಮೂಲೆಯಲ್ಲಿ ಒಬ್ಬ ಮನುಷ್ಯ. ಪೂರ್ತಿ ಕಟ್ಟಡ ಕಾಣುವುದೇ ಇಲ್ಲ ಅನ್ನಬಹುದು, ಆದರೂ ಅದರ ಭಾರ ಕಾಣುತ್ತದೆ. ಮತ್ತೊಂದು ವಿಷಯ, ಅವರು ಪ್ರಿಂಟನ್ನು ಕತ್ತರಿಯಿಂದ ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಚೌಕಟ್ಟು ಬದಲಿಸುತ್ತಿದ್ದರು. ಎಡಿಟಿಂಗ್ ಅಂದರೆ ಕಂಪ್ಯೂಟರ್ ಬಂದ ಮೇಲಿನ ಮೋಸ ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಏನು ಕತ್ತರಿಸಿ ತೆಗೆಯಬೇಕು ಅಂತ ಎರ್ವೆಗೆ ಗೊತ್ತಿತ್ತು, ಅಷ್ಟೇ.

ಹಾದಿಬದಿ ಕ್ಯಾಮೆರಾ:

ಇಬ್ಬರಿಗೂ ತುಂಬಾ ಧನ್ಯವಾದ. ಮೂರನೇ ಚಿತ್ರದ ಬಿಳಿ ಗೆರೆ ನನಗೆ ಕಂಡೇ ಇರಲಿಲ್ಲ, ಈಗ ಅದೊಂದೇ ಕಾಣುತ್ತಿದೆ.

ರಸಮಟ್ಟ ಸರ್, ಗೋಡೆ ನೇರ ಮಾಡುವ ವಿಷಯ ಹೇಳಲಿಲ್ಲ ನೀವು. ಆಟೋ ಕೊಟ್ಟಾಗ ಗೋಡೆ ನೇರ ಆಯಿತು, ಆದರೆ ಕಟ್ಟಡ ಕುಳ್ಳಗೆ, ಮೇಲುಗಡೆ ದಪ್ಪ ಆದ ಹಾಗೆ ಅನ್ನಿಸುತ್ತಿದೆ. ಇದು ನನ್ನ ಕಣ್ಣಿನ ಭ್ರಮೆಯಾ?

ರಸಮಟ್ಟ:

ಭ್ರಮೆ ಅಲ್ಲ. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ತಂದೆ ಗಾರೆ ಮೇಸ್ತ್ರಿ. ಚಿಕ್ಕವನಿದ್ದಾಗ ಅವರ ಜೊತೆ ಕೆಲಸಕ್ಕೆ ಹೋಗುತ್ತಿದ್ದೆ. ಪ್ರತಿ ಎರಡು ವರಸೆ ಇಟ್ಟಿಗೆಗೊಮ್ಮೆ ತೂಗುಗುಂಡು ಬಿಟ್ಟು ನೋಡುತ್ತಿದ್ದರು. ಕೂದಲೆಳೆ ಅಷ್ಟು ಆಚೀಚೆ ಆದರೂ ಕಿತ್ತು ಮತ್ತೆ ಕಟ್ಟುತ್ತಿದ್ದರು. ಅಷ್ಟು ಕಷ್ಟಪಟ್ಟು ನೇರ ನಿಲ್ಲಿಸಿದ ಗೋಡೆಯನ್ನು ನಾವು ಕ್ಯಾಮೆರಾ ಮೇಲಕ್ಕೆತ್ತಿ ಹಿಂದಕ್ಕೆ ಬೀಳುವ ಹಾಗೆ ತೋರಿಸುತ್ತೇವೆ. ನಾನು ಈ ಹೆಸರು ಇಟ್ಟುಕೊಂಡಿದ್ದೂ ಅದಕ್ಕೇ.

ಕ್ಯಾಮೆರಾ ಮೇಲಕ್ಕೆ ವಾಲಿದರೆ ಗೋಡೆಗಳು ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಸಾಫ್ಟ್‌ವೇರ್ ಅದನ್ನು ಸರಿ ಮಾಡಲು ಚಿತ್ರದ ಮೇಲ್ಭಾಗವನ್ನು ಅಡ್ಡಕ್ಕೆ ಎಳೆಯುತ್ತದೆ. ಅಗಲ ಹೆಚ್ಚಾಯಿತು, ಎತ್ತರ ಅಷ್ಟೇ ಉಳಿಯಿತು, ಹಾಗಾಗಿ ಕುಳ್ಳಗೆ ಕಾಣುತ್ತದೆ. ಎಳೆದ ಭಾಗದಲ್ಲಿ ವಿವರವೂ ತೆಳುವಾಗುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ. ಲೈಟ್‌ರೂಮ್‌ನ ಟ್ರಾನ್ಸ್‌ಫಾರ್ಮ್ ಭಾಗದಲ್ಲಿ ಆಸ್ಪೆಕ್ಟ್ ಅಂತ ಒಂದು ಸ್ಲೈಡರ್ ಇದೆ, ಅದರಿಂದ ಕಳೆದ ಎತ್ತರ ವಾಪಸ್ ಕೊಡಬಹುದು. ಆಟೋ ಬಿಟ್ಟು ಗೈಡೆಡ್ ಬಳಸಿ. ನಿಜವಾಗಿ ನೇರ ಇದೆ ಅಂತ ನಿಮಗೆ ಗೊತ್ತಿರುವ ಎರಡು ಅಂಚುಗಳ ಮೇಲೆ ನೀವೇ ಗೆರೆ ಎಳೆಯಿರಿ. ಅದಕ್ಕೂ ಮೊದಲು ಲೆನ್ಸಿನ ಬಾಗು ಸರಿ ಮಾಡುವ ಲೆನ್ಸ್ ಪ್ರೊಫೈಲ್ ಹಾಕಿರಬೇಕು, ಇಲ್ಲದಿದ್ದರೆ ಅಂಚಿನ ಕಂಬ ಬಾಗಿಯೇ ಇರುತ್ತದೆ.

ಆದರೆ ಇದೆಲ್ಲ ಆಮೇಲಿನ ಚಿಕಿತ್ಸೆ. ಸ್ಥಳದಲ್ಲೇ ಕ್ಯಾಮೆರಾ ಮಟ್ಟವಾಗಿಟ್ಟರೆ ಗೋಡೆ ತಾನೇ ನೇರ ಬರುತ್ತದೆ. ಆಗ ಕಟ್ಟಡದ ತಲೆ ಕತ್ತರಿಸಿ, ಕೆಳಗೆ ಸುಮ್ನೆ ನೆಲ ತುಂಬಿಕೊಳ್ಳುತ್ತದೆ ಅಲ್ವಾ, ಅದಕ್ಕೇ ಶಿಫ್ಟ್ ಲೆನ್ಸ್ ಇರುವುದು. ಕ್ಯಾಮೆರಾ ಅಲುಗಾಡಿಸದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸುತ್ತಾರೆ. ಹೊಸದು ಬಲು ದುಬಾರಿ. ನಾನು ಮೊದಲ ಆರು ವರ್ಷ ಅದಿಲ್ಲದೆಯೇ ಕೆಲಸ ಮಾಡಿದೆ. ಕ್ಯಾಮೆರಾ ಉದ್ದುದ್ದ ತಿರುಗಿಸಿ, ಮಟ್ಟವಾಗಿಟ್ಟು, ಅಗಲ ಲೆನ್ಸಿನಲ್ಲಿ ತೆಗೆದು, ಮನೆಯಲ್ಲಿ ಕೆಳಗಿನ ನೆಲ ಕತ್ತರಿಸಿ ಹಾಕುವುದು. 24 ಮೆಗಾಪಿಕ್ಸೆಲಿನಲ್ಲಿ ಮೂರನೇ ಒಂದು ಭಾಗ ಹೋದರೂ 16 ಉಳಿಯುತ್ತದೆ, ದೊಡ್ಡ ಪ್ರಿಂಟಿಗೂ ಸಾಕು. ಎದುರು ಕಟ್ಟಡದ ಎರಡನೇ ಮಹಡಿಗೆ ಹತ್ತಲು ಬಿಟ್ಟರಂತೂ ಅದಕ್ಕಿಂತ ಒಳ್ಳೆಯದಿಲ್ಲ.

ಕತ್ತೆತ್ತಿ ನೋಡಿ ತೆಗೆದ ಚಿತ್ರವಾದರೆ ನೂರಕ್ಕೆ ನೂರು ನೇರ ಮಾಡಬೇಡಿ. ಕಣ್ಣು ಮೇಲೆ ನೋಡುತ್ತಿದೆ ಅಂತ ಮನಸ್ಸಿಗೆ ಗೊತ್ತು, ಗೋಡೆ ಪೂರ್ತಿ ನೇರ ಇದ್ದರೆ ಮೇಲುಗಡೆ ಉಬ್ಬಿದ ಹಾಗೆ ಅನ್ನಿಸುತ್ತದೆ. ಒಂದು ಚೂರು ವಾಲು ಉಳಿಸಿ.

ಮೊಬೈಲ್ ಮಾತ್ರ:

ಹುಬ್ಬಳ್ಳಿಯಿಂದ. ನನ್ನ ಹತ್ತಿರ ಕ್ಯಾಮೆರಾ ಇಲ್ಲರಿ, ಫೋನ್ ಒಂದೇ. ಇದೆಲ್ಲ ಫೋನಿನಲ್ಲಿ ಆಗುತ್ತದೇನ್ರಿ? ಅಲ್ಟ್ರಾವೈಡ್ ಹಾಕಿದರೆ ಕಟ್ಟಡ ಪೂರ್ತಿ ಬರುತ್ತದೆ, ಆದರೆ ಮೂಲೆಯ ಕಿಟಕಿಗಳೆಲ್ಲ ಎಳೆದ ಹಾಗೆ ಆಗುತ್ತವೆ.

ಕಪ್ಪು ಬಿಳುಪು:

ಖಂಡಿತ ಆಗುತ್ತದೆ. ಅಲ್ಟ್ರಾವೈಡ್ ಬಿಡಿ, ಮುಖ್ಯ ಕ್ಯಾಮೆರಾದಲ್ಲೇ ತೆಗೆಯಿರಿ, ಕಾಲಿನಿಂದ ಹಿಂದೆ ಹೋಗಿ. ಸೆಟ್ಟಿಂಗ್‌ನಲ್ಲಿ ಗ್ರಿಡ್ ಹಾಕಿಕೊಳ್ಳಿ. ಫೋನನ್ನು ಗೋಡೆಗೆ ಸಮನಾಗಿ ನೇರ ಹಿಡಿದು, ಕೆಳಗಿನ ನೆಲ ಕತ್ತರಿಸಿ. ಆಮೇಲೆ ಸ್ನ್ಯಾಪ್‌ಸೀಡ್‌ನಲ್ಲಿ ಪರ್ಸ್ಪೆಕ್ಟಿವ್ ಅಂತ ಇದೆ, ಉಳಿದ ಚೂರುಪಾರು ಅದರಲ್ಲಿ ಸರಿ ಮಾಡಿ. ಫೋನ್ ತಾನಾಗಿಯೇ ನೆರಳು ಎತ್ತಿರುತ್ತದೆ, ಅದಕ್ಕೇ ಫೋನಿನ ಚಿತ್ರಕ್ಕೆ ನಾನು ಮೊದಲು ನೆರಳು ಇಳಿಸುತ್ತೇನೆ. ಸಾಧ್ಯವಾದರೆ ರಾ ಫೈಲ್ ತೆಗೆಯಿರಿ, ಈಗಿನ ಬಹಳ ಫೋನುಗಳಲ್ಲಿ ಬರುತ್ತದೆ.

ಶೂನ್ಯ ನೆರಳು:

ಎಲ್ಲರೂ ಎಡಿಟಿಂಗ್ ಮಾತಾಡುತ್ತಿದ್ದೀರಿ, ಸೂರ್ಯನ ವಿಷಯ ಯಾರೂ ಎತ್ತಲಿಲ್ಲ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು, ಕಟ್ಟಡಗಳ ಫೋಟೋ ಹವ್ಯಾಸ.

ಪಶ್ಚಿಮದವರು ಬರೆದಿದ್ದನ್ನು ಓದಿ ನಮ್ಮಲ್ಲಿ ಬಹಳ ಜನ ಉತ್ತರ ದಿಕ್ಕಿನ ಮುಖಕ್ಕೆ ಬಿಸಿಲೇ ಬೀಳುವುದಿಲ್ಲ ಅಂದುಕೊಂಡಿದ್ದಾರೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ಅದೇ ಶೂನ್ಯ ನೆರಳಿನ ದಿನ. ಮತ್ತೆ ಆಗಸ್ಟ್ 18ರ ಸುಮಾರಿಗೆ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ. ಅಂದರೆ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಓರೆ ಬೆಳಕು ಬೇಕಿದ್ದರೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು ಹೋಗಬೇಕು. ಗೋಡೆಯ ಒರಟುತನ ಪೂರ್ತಿ ಎದ್ದು ಬರುತ್ತದೆ, ಯಾವ ಸ್ಲೈಡರೂ ಬೇಡ. ಡಿಸೆಂಬರಿನಲ್ಲಿ ಅದೇ ಗೋಡೆ ದಿನವಿಡೀ ನೆರಳಲ್ಲಿ ಇರುತ್ತದೆ. ಆಗ ಸೂರ್ಯ ಮಧ್ಯಾಹ್ನವೂ ದಿಗಂತದಿಂದ 54 ಡಿಗ್ರಿ ಆಸುಪಾಸಿನಲ್ಲೇ ಇರುತ್ತಾನೆ, ದಕ್ಷಿಣದ ಮುಖಕ್ಕೆ ಅದು ಒಳ್ಳೆಯ ಕಾಲ.

ಐಐಎಂ ಓಣಿಗಳಂಥ ಕಡೆ ಇದು ಇನ್ನೂ ಮುಖ್ಯ. ಸೂರ್ಯ ನೆತ್ತಿಯ ಮೇಲಿದ್ದರೆ ತೊಲೆಯ ನೆರಳು ನೆಲದ ಮೇಲೆ ಬೀಳುತ್ತದೆ. ಜನವರಿಯಲ್ಲಿ ಅದೇ ನೆರಳು ಗೋಡೆಯ ಮೇಲೆ ಹತ್ತುತ್ತದೆ. ಫೋನಿನಲ್ಲಿ ಸೂರ್ಯ ಯಾವ ಹೊತ್ತಿಗೆ ಎಲ್ಲಿರುತ್ತಾನೆ ಅಂತ ತೋರಿಸುವ ಆ್ಯಪ್‌ಗಳಿವೆ, ಹೋಗುವ ಮೊದಲು ಒಮ್ಮೆ ನೋಡಿಕೊಳ್ಳಿ.

ಸಂಜೆ ಸೂರ್ಯ ಮುಳುಗಿದ ಮೇಲೆ ಆಕಾಶ ಕಡುನೀಲಿ ಆಗಿ ಒಳಗಿನ ದೀಪಗಳೂ ಕಾಣುವ ಹೊತ್ತು ಇದೆಯಲ್ಲ, ಅದು ನಮ್ಮಲ್ಲಿ 20 ನಿಮಿಷದ ಆಸುಪಾಸು ಅಷ್ಟೇ. ಯುರೋಪಿನವರಿಗೆ ಬೇಸಿಗೆಯಲ್ಲಿ ಎಷ್ಟೋ ಹೊತ್ತು ಸಿಗುತ್ತದೆ. ನಾವು ಟ್ರೈಪಾಡ್ ಹಾಕಿ, ಫೋಕಸ್ ಮಾಡಿ, ಕಾಯುತ್ತಾ ನಿಂತಿರಬೇಕು.

ಸೆಕ್ಟರ್ ಹದಿನೇಳು:

ಚಂಡೀಗಢದಿಂದ ನಮಸ್ಕಾರ, ಮೂಲ ಊರು ಶಿವಮೊಗ್ಗ. ಕೆಲಸದ ಮೇಲೆ ಬಂದು ಒಂಬತ್ತು ವರ್ಷ ಆಯಿತು. ಕಾರ್ಬ್ಯೂಸಿಯೆ ವಿನ್ಯಾಸದ ಸರ್ಕಾರಿ ಕಟ್ಟಡಗಳ ಸಮುಚ್ಚಯ ಕ್ಯಾಪಿಟಲ್ ಕಾಂಪ್ಲೆಕ್ಸ್ ನೋಡಲು ಪ್ರವಾಸಿ ಕೇಂದ್ರದಲ್ಲಿ ಗುರುತಿನ ಚೀಟಿ ಕೊಟ್ಟು ಗೈಡ್ ಜೊತೆ ಹೋಗಬೇಕು. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಇಲ್ಲಿಯ ಬೆಳಕು ಬೇರೆ. ನಾವು 30 ಡಿಗ್ರಿಗೂ ಮೇಲೆ ಇದ್ದೇವೆ, ಸೂರ್ಯ ಜೂನಿನಲ್ಲೂ ನೆತ್ತಿಗೆ ಬರುವುದಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನವೇ 36 ಡಿಗ್ರಿ. ಹೈಕೋರ್ಟಿನ ಮುಂದೆ ಮೂರು ದೈತ್ಯ ಕಂಬಗಳಿವೆ, ಹಸಿರು, ಹಳದಿ, ಕೆಂಪು ಬಣ್ಣ. ಮೊದಮೊದಲು ನಾನು ಸ್ಯಾಚುರೇಷನ್ ಜಾಸ್ತಿ ಮಾಡಿ ಆ ಬಣ್ಣಗಳನ್ನು ಕಿರುಚಿಸುತ್ತಿದ್ದೆ. ಆಗ ಸುತ್ತಲಿನ ಕಾಂಕ್ರೀಟ್ ನೀಲಿಗೆ ತಿರುಗಿ ಪ್ಲಾಸ್ಟಿಕ್ಕಿನ ಹಾಗೆ ಆಗುತ್ತಿತ್ತು. ಈಗ ಮೊದಲು ಕಾಂಕ್ರೀಟಿನ ಬೂದು ಸರಿ ಮಾಡುತ್ತೇನೆ. ಜೇಬಿನಲ್ಲಿ ಒಂದು ಗ್ರೇ ಕಾರ್ಡ್, ಅಂದರೆ ಬೇರೆ ಬಣ್ಣದ ಛಾಯೆ ಇಲ್ಲದ ಬೂದು ರಟ್ಟು, ಇರುತ್ತದೆ, ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆದುಕೊಂಡು ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಅದರಿಂದ ಹಿಡಿಯುತ್ತೇನೆ. ಬೂದು ಸರಿಯಾದರೆ ಆ ಮೂರು ಬಣ್ಣ ತಾನೇ ಸರಿ ಕೂರುತ್ತವೆ.

ಮತ್ತೆ ಇಲ್ಲಿಯ ಕಾಂಕ್ರೀಟ್ ನುಣುಪಲ್ಲ. ಸೆಂಟ್ರಿಂಗ್ ತೆಗೆದಾಗ ಉಳಿದ ಗುರುತು, ಮಳೆ ನೀರು ಇಳಿದ ಕಪ್ಪು ಕಲೆ, ಹಳೆಯ ರಿಪೇರಿಯ ತೇಪೆ ಎಲ್ಲ ಇದೆ. ಒಮ್ಮೆ ಒಂದು ಕಲೆಯನ್ನು ಹೀಲಿಂಗ್ ಬ್ರಷ್‌ನಲ್ಲಿ ಒರೆಸಿ ನೋಡಿದೆ. ಅರವತ್ತು ಎಪ್ಪತ್ತು ವರ್ಷ ಮಳೆ ಬಿಸಿಲು ತಿಂದ ಗೋಡೆ ಒಂದು ಕ್ಷಣದಲ್ಲಿ ಮೊನ್ನೆ ಕಟ್ಟಿದ್ದು ಅನ್ನಿಸಿತು. ವಾಪಸ್ ತಂದೆ, ಅದಾದ ಮೇಲೆ ಅಂಥದ್ದನ್ನು ಮುಟ್ಟಿಲ್ಲ.

ಮನೆ ಮಾರಾಟಕ್ಕಿದೆ:

ಇಲ್ಲಿ ಎಲ್ಲರೂ ಮಹಾನ್ ವಾಸ್ತುಶಿಲ್ಪಿಗಳ ಕಟ್ಟಡದ ಮಾತಾಡುತ್ತಿದ್ದೀರಿ. ನಾನು ಬಿಲ್ಡರ್‌ಗಳಿಗೆ ಅಪಾರ್ಟ್‌ಮೆಂಟ್ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ನನಗೆ ನೀಲಿ ಆಕಾಶ ಬೇಕೇ ಬೇಕು. ಮುಂದಿನ ಟ್ರಾನ್ಸ್‌ಫಾರ್ಮರ್, ಮರದಿಂದ ಮರಕ್ಕೆ ಜೋತುಬಿದ್ದ ಕೇಬಲ್ಲು, ಕಸದ ರಾಶಿ ಎಲ್ಲ ಅಳಿಸಬೇಕು. ಈಗಂತೂ ಎಐ ಬಂದ ಮೇಲೆ ಒಂದು ಗೆರೆ ಎಳೆದರೆ ಸಾಕು, ಮಾಯ. ಗ್ರಾಹಕರು ಕೇಳುತ್ತಾರೆ, ನಾನು ಮಾಡಿಕೊಡುತ್ತೇನೆ. ಇದರಲ್ಲಿ ತಪ್ಪೇನು?

ರಸಮಟ್ಟ:

ಸರ್, ನಿಮ್ಮ ಕೆಲಸ ಕಷ್ಟದ್ದು, ಗೊತ್ತು. ನಾನೂ ದುಡ್ಡಿಗೇ ತೆಗೆಯುವವನು. ಆದರೆ ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ. ಇವತ್ತು ಇದ್ದು ನಾಳೆ ಹೋಗುವುದನ್ನು ಅಳಿಸುತ್ತೇನೆ. ನಿಲ್ಲಿಸಿದ ಕಾರು, ಬಿದ್ದ ಪ್ಲಾಸ್ಟಿಕ್ ಕವರ್, ಒದ್ದೆ ಗುರುತು, ಯಾರೋ ಮರೆತ ಬಕೆಟ್ಟು. ನಾಳೆಯೂ ಅಲ್ಲೇ ಇರುವುದನ್ನು ಮುಟ್ಟುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇದೆ ಅಂದರೆ ಇದೆ. ಮನೆ ಕೊಳ್ಳುವವರು ಫೋಟೋ ನೋಡಿ ಬರುತ್ತಾರೆ, ಅವರ ಮಗುವಿನ ಕಿಟಕಿಯ ಎದುರಿಗೆ ಅದು ಇರುತ್ತದೆ.

ಮೂರು ವರ್ಷದ ಹಿಂದೆ ಒಬ್ಬ ಬಿಲ್ಡರ್ ಪಕ್ಕದ ಕಟ್ಟಡವನ್ನೇ ಅಳಿಸಿ ಮರ ಹಾಕಿಕೊಡಿ ಅಂದರು. ಆಗಲ್ಲ ಅಂದೆ. ಮಾಡಿದ ಕೆಲಸದ ಅರ್ಧ ದುಡ್ಡು ಬರಲೇ ಇಲ್ಲ. ಇವತ್ತಿಗೂ ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪ ಇಲ್ಲ.

ತಂತಿಗಳಿಗೆ ಒಂದು ಉಪಾಯ ಇದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ತಂತಿ ಮರದ ಹಿಂದೆ ಅಡಗುತ್ತದೆ, ಇಲ್ಲ ಕಟ್ಟಡದ ಅಂಚಿಗೆ ಸಮನಾಗಿ ಕೂರುತ್ತದೆ. ಹೀಗೆ ಮರೆಮಾಡಿದ್ದು ಸುಳ್ಳಲ್ಲ, ಅಲ್ಲಿ ನಿಂತವರಿಗೂ ಹಾಗೆಯೇ ಕಾಣುತ್ತದೆ.

ಮನೆ ಮಾರಾಟಕ್ಕಿದೆ:

ಕೊಳ್ಳುವವರ ಮಾತು ಒಪ್ಪುತ್ತೇನೆ ಸರ್. ಆದರೆ ಆಕಾಶ? ಆಕಾಶ ದಿನವೂ ಬದಲಾಗುತ್ತದಲ್ಲ. ನಿಮ್ಮ ಲೆಕ್ಕದಲ್ಲೇ ಅದು ನಾಳೆ ಇರುವುದಿಲ್ಲ, ಬದಲಾಯಿಸಿದರೆ ಏನಂತೆ?

ಕಪ್ಪು ಬಿಳುಪು:

ಒಳ್ಳೆಯ ಪ್ರಶ್ನೆ. ಆಕಾಶ ಬದಲಾಯಿಸಿದರೆ ಬೆಳಕೂ ಬದಲಾಗಬೇಕು, ತೊಂದರೆ ಇರುವುದು ಅಲ್ಲಿ. ಮೋಡದ ದಿನ ಗೋಡೆಯ ಮೇಲೆ ಗಟ್ಟಿ ನೆರಳು ಇರುವುದಿಲ್ಲ. ಅದರ ಹಿಂದೆ ಕಡುನೀಲಿ ಕೂರಿಸಿದರೆ ಯಾಕೆ ಅಂತ ಹೇಳಲಾಗದಿದ್ದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಗಾಜಿನ ಕಟ್ಟಡವಾದರೆ ಇನ್ನೂ ಕಷ್ಟ, ಗಾಜಿನಲ್ಲಿ ಹಳೆಯ ಬಿಳಿ ಆಕಾಶವೇ ಕಾಣುತ್ತಿರುತ್ತದೆ.

ಇನ್ನೊಂದು, ಬಿಳಿ ಆಕಾಶ ಕೆಟ್ಟದ್ದು ಅಂತ ಯಾರು ಹೇಳಿದರು? ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರಗಳನ್ನು ದಶಕಗಟ್ಟಲೆ ತೆಗೆದರು. ಮೋಡ ಮುಚ್ಚಿದ ದಿನವೇ ಆಯ್ದುಕೊಂಡು ತೆಗೆಯುತ್ತಿದ್ದರು, ನೆರಳು ಅಡ್ಡ ಬರದೆ ಆಕಾರ ಮಾತ್ರ ಕಾಣಲಿ ಅಂತ. ನಮ್ಮ ಜುಲೈ ತಿಂಗಳ ಬೆಳಕು ಹಾಗೆಯೇ ಇರುತ್ತದೆ. ನೆರಳಿಗಾಗಿ ಕಟ್ಟಿದ ಕಟ್ಟಡಕ್ಕೆ ಬಿಸಿಲು ಬೇಕು, ಆಕಾರವೇ ಮುಖ್ಯವಾದ ಕಟ್ಟಡಕ್ಕೆ ಮೋಡ ಸಾಕು.

ಸೆಕ್ಟರ್ ಹದಿನೇಳು:

ಅಳಿಸುವ ಮಾತು ಬಂತಲ್ಲ, ಒಂದು ಹೇಳಲೇಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ ಹಾಲ್ ಆಫ್ ನೇಷನ್ಸ್ ಇತ್ತು. ರಾಜ್ ರೇವಾಲ್ ವಾಸ್ತುಶಿಲ್ಪಿ, ಮಹೇಂದ್ರ ರಾಜ್ ಎಂಜಿನಿಯರ್. 1972ರಲ್ಲಿ ಮುಗಿದದ್ದು. ಬೇರೆ ದೇಶದವರು ಉಕ್ಕಿನಲ್ಲಿ ಮಾಡುವ ತ್ರಿಕೋನಗಳ ಜಾಲವನ್ನು ಇಲ್ಲಿ ಕಾಂಕ್ರೀಟಿನಲ್ಲಿ, ಕೈಯಿಂದ ಎರಕ ಹಾಕಿ ಕಟ್ಟಿದ್ದರು. 2017ರ ಏಪ್ರಿಲ್‌ನಲ್ಲಿ ಕೆಡವಿದರು. ನಾನು ನೋಡಲು ಹೋಗಬೇಕು ಅಂತಲೇ ಇದ್ದೆ, ಹೋಗಲಿಲ್ಲ.

ಈಗ ಉಳಿದಿರುವುದು ನಕ್ಷೆಗಳು ಮತ್ತು ಮದನ್ ಮಹತ್ತಾ ಅಂಥವರು ತೆಗೆದ ಕಪ್ಪು ಬಿಳುಪು ಚಿತ್ರಗಳು. ಅವರೇನಾದರೂ ಚೆನ್ನಾಗಿ ಕಾಣಲಿ ಅಂತ ಒಂದು ತ್ರಿಕೋನ ಸೇರಿಸಿದ್ದರೆ, ಒಂದು ಬಿರುಕು ಒರೆಸಿದ್ದರೆ, ಇವತ್ತು ಅದನ್ನು ಹೋಲಿಸಿ ನೋಡಲು ಕಟ್ಟಡವೇ ಇಲ್ಲ. ನನ್ನ ಮಟ್ಟಿಗೆ ಇದೇ ಕೊನೆಯ ಉತ್ತರ. ಎಡಿಟ್ ಮಾಡಿದ ಪ್ರತಿ ಹೇಗಾದರೂ ಇರಲಿ, ಮೂಲ ರಾ ಫೈಲನ್ನು ಯಾವತ್ತೂ ಅಳಿಸಬೇಡಿ. ತೆಗೆದ ದಿನ, ನಿಂತ ಜಾಗ, ಯಾವ ದಿಕ್ಕಿನ ಮುಖ ಅಂತ ಫೈಲಿನ ವಿವರದಲ್ಲೇ ಬರೆದಿಡಿ.

ಉಚಿತ ತಂತ್ರಾಂಶ:

ಲೈಟ್‌ರೂಮ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಲಾಗದವರಿಗೆ: ಡಾರ್ಕ್‌ಟೇಬಲ್ ಉಚಿತ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ಓಡುತ್ತದೆ. ಅದರಲ್ಲಿ ರೊಟೇಟ್ ಆ್ಯಂಡ್ ಪರ್ಸ್ಪೆಕ್ಟಿವ್ ಅಂತ ಒಂದು ಮಾಡ್ಯೂಲ್ ಇದೆ. ತಾನೇ ಗೆರೆ ಹುಡುಕುತ್ತದೆ, ನಾವೂ ಎಳೆಯಬಹುದು. ಮರದ ಕೊಂಬೆಯನ್ನೂ ಗೋಡೆ ಅಂದುಕೊಂಡು ಗೆರೆ ಹಾಕಿಬಿಡುತ್ತದೆ, ಅಂಥವನ್ನು ತೆಗೆದುಹಾಕಿ. ನೆರಳು ಬೆಳಕಿಗೆ ಟೋನ್ ಈಕ್ವಲೈಜರ್ ಬಳಸುತ್ತೇನೆ, ಅಂಚಿನಲ್ಲಿ ಬಿಳಿ ಗೆರೆ ಕಡಿಮೆ. ಕಲಿಯಲು ಒಂದು ತಿಂಗಳು ಹಿಡಿಯುತ್ತದೆ.

ಹಾದಿಬದಿ ಕ್ಯಾಮೆರಾ:

ಇನ್ನೆರಡು ಪ್ರಶ್ನೆ. ಒಂದು, ನನ್ನ ಚಿತ್ರದಲ್ಲಿ ಕಲ್ಲಿನ ಗೋಡೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಸಿರು ಹೊಡೆಯುತ್ತಿದೆ. ಎರಡು, ಕಸ್ತೂರಬಾ ರಸ್ತೆಯ ಮ್ಯಾಪ್ ಎಂಬ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಮ್ಮಿನ ಉಕ್ಕಿನ ಹೊರಮೈ ಫೋಟೋ ಚಿಕ್ಕದು ಮಾಡಿದಾಗ ಅಲೆಅಲೆಯಾಗಿ ಬಣ್ಣ ಬರುತ್ತಿದೆ.

ರಸಮಟ್ಟ:

ಗೋಡೆ ನೀಲಿ ಆಗುವುದು ಆಕಾಶದಿಂದ. ನೇರ ಬಿಸಿಲು ಇಲ್ಲದ ನೆರಳಿಗೆ ಬರುವುದು ಆಕಾಶದ ಬೆಳಕು. ಹಸಿರು ಬರುವುದು ಪಕ್ಕದ ಗಿಡ, ಬಳ್ಳಿಗಳಿಂದ. ಅಲ್ಲಿ ಗಿಡಮರ ಎಷ್ಟಿದೆ ನೋಡಿದ್ದೀರಲ್ಲ. ಪೂರ್ತಿ ಚಿತ್ರದ ಬಣ್ಣ ಬದಲಾಯಿಸಿದರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ. ಎರಡಕ್ಕೂ ಬೇರೆಬೇರೆ ಮಾಸ್ಕ್ ಹಾಕಿ. ನೀಲಿ ಕಡೆಗೆ ಟೆಂಪರೇಚರ್ ಸ್ವಲ್ಪ ಬೆಚ್ಚಗೆ, ಹಸಿರು ಕಡೆಗೆ ಟಿಂಟ್ ಸ್ವಲ್ಪ ಮೆಜೆಂಟಾ ಕಡೆಗೆ. ಪೂರ್ತಿ ತೆಗೆಯಬೇಡಿ. ಗಿಡದ ಪಕ್ಕದ ಗೋಡೆಗೆ ಚೂರು ಹಸಿರು ಇರುವುದೇ ನಿಜ.

ಮ್ಯಾಪ್ ಕಟ್ಟಡದ ಹಲಗೆಗಳ ಮೇಲೆ ಹಳೆಯ ಕಾಲದ ಉಕ್ಕಿನ ನೀರಿನ ಟ್ಯಾಂಕಿನ ಥರ ಗುರುತು ಒತ್ತಿದ್ದಾರೆ, ನೋಡಲು ತುಂಬಾ ಚೆಂದ. ಒಂದೇ ಆಕಾರ ಒತ್ತೊತ್ತಾಗಿ ಮರಳಿ ಮರಳಿ ಬಂದಾಗ ಸೆನ್ಸರಿನ ಚುಕ್ಕಿಗಳ ಜೊತೆ ತಿಕ್ಕಾಟವಾಗಿ ಆ ಅಲೆ ಹುಟ್ಟುತ್ತದೆ. ಮೊದಲು 100 ಪರ್ಸೆಂಟಿಗೆ ಹಿಗ್ಗಿಸಿ ನೋಡಿ. ದೊಡ್ಡ ಫೈಲಿನಲ್ಲಿ ಅಲೆ ಇಲ್ಲ, ಚಿಕ್ಕದು ಮಾಡಿದಾಗ ಮಾತ್ರ ಬರುತ್ತದೆ ಅಂದರೆ ಶಾರ್ಪನಿಂಗ್ ಕಡಿಮೆ ಮಾಡಿ, ಬೇರೆ ಅಳತೆಗೆ ಎಕ್ಸ್‌ಪೋರ್ಟ್ ಮಾಡಿ. ಮೂಲದಲ್ಲೇ ಇದ್ದರೆ ಲೈಟ್‌ರೂಮ್ ಮಾಸ್ಕಿನಲ್ಲಿ ಮ್ವಾರೆ (Moiré, ಈ ಅಲೆಯ ಹೆಸರೇ ಅದು) ಅಂತ ಸ್ಲೈಡರ್ ಇದೆ, ಅದು ಬಣ್ಣದ ಅಲೆಯನ್ನು ತಗ್ಗಿಸುತ್ತದೆ. ಮುಂದಿನ ಸಲ ಒಂದೆರಡು ಹೆಜ್ಜೆ ಹಿಂದೆ ಮುಂದೆ ನಿಂತು ಎರಡು ಮೂರು ತೆಗೆದುಕೊಳ್ಳಿ, ಒಂದಾದರೂ ಶುದ್ಧವಾಗಿ ಬಂದಿರುತ್ತದೆ.

ಮೊಬೈಲ್ ಮಾತ್ರ:

ಜನ ಅಡ್ಡ ಬರುತ್ತಾರಲ್ಲರಿ, ಅವರನ್ನು ಏನು ಮಾಡುವುದು? ಮತ್ತೆ ರಸ್ತೆಯಲ್ಲಿ ನಿಂತು ತೆಗೆದರೂ ಸೆಕ್ಯೂರಿಟಿಯವರು ಬಂದು ಅಳಿಸಿ ಅಂತಾರೆ. ಕಾನೂನು ಏನು ಹೇಳುತ್ತದೆ?

ಶೂನ್ಯ ನೆರಳು:

ಜನರ ವಿಷಯ ಮೊದಲು. ಕ್ಯಾಮೆರಾ ಇರುವವರು ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ 10 ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿದರೆ ಸೆಕೆಂಡಿನ 60ನೇ ಒಂದು ಭಾಗದ ಎಕ್ಸ್‌ಪೋಷರ್ 17 ಸೆಕೆಂಡ್ ಆಗುತ್ತದೆ, ನಡೆದು ಹೋಗುವವರು ಅಳಿಸಿಹೋಗುತ್ತಾರೆ. ಇಲ್ಲವೇ ಟ್ರೈಪಾಡಿನ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು 15 ಫೋಟೋ ತೆಗೆದು ಫೋಟೋಶಾಪ್‌ನಲ್ಲಿ ಮೀಡಿಯನ್ ಸ್ಟ್ಯಾಕ್ (ಹೆಚ್ಚಿನ ಚಿತ್ರಗಳಲ್ಲಿ ಬದಲಾಗದೆ ಇರುವುದನ್ನಷ್ಟೇ ಉಳಿಸಿ ಒಂದೇ ಚಿತ್ರ ಮಾಡುವುದು) ಮಾಡಿದರೂ ಆಗುತ್ತದೆ. ಆದರೆ ನನಗೆ ಒಬ್ಬರಾದರೂ ಬೇಕು. ಮನುಷ್ಯ ಇಲ್ಲದಿದ್ದರೆ ಆ ಗೋಡೆ ಎಂಟು ಅಡಿಯೋ ಮೂವತ್ತು ಅಡಿಯೋ ತಿಳಿಯುವುದಿಲ್ಲ.

ಕಾನೂನು: 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೋ ತೆಗೆಯುವುದು, ಪ್ರಕಟಿಸುವುದು ಕಾಪಿರೈಟ್ ಉಲ್ಲಂಘನೆ ಅಲ್ಲ. ಆದರೆ ಅದು ಕಾಪಿರೈಟಿಗೆ ಮಾತ್ರ. ಖಾಸಗಿ ಆವರಣದ ಒಳಗೆ ಮಾಲೀಕರ ಅನುಮತಿ ಬೇಕು, ರಕ್ಷಣೆಯಂಥ ನಿರ್ಬಂಧಿತ ಜಾಗಗಳಿಗೆ ಬೇರೆ ನಿಯಮ. ಸೆಕ್ಯೂರಿಟಿಯವರ ಜೊತೆ ಜಗಳ ಬೇಡ, ಅವರಿಗೆ ಮೇಲಿನವರ ಭಯ ಇರುತ್ತದೆ. ನಾನು ತೆಗೆದ ಚಿತ್ರವನ್ನೇ ತೋರಿಸುತ್ತೇನೆ, ಊಟ ಆಯ್ತಾ ಅಂತ ಮಾತಾಡಿಸುತ್ತೇನೆ. ಒಮ್ಮೆ ಒಬ್ಬರು, ಸಾಯಂಕಾಲ ನಾಲ್ಕೂವರೆಗೆ ಬನ್ನಿ ಸಾರ್, ಹಿಂದಿನ ಮೆಟ್ಟಿಲ ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ ಅಂತ ತಾವೇ ಹೇಳಿದರು. ದಿನವಿಡೀ ಅಲ್ಲೇ ಇರುವವರು, ಆ ಕಟ್ಟಡದ ಬೆಳಕು ಅವರಷ್ಟು ಇನ್ಯಾರಿಗೂ ಗೊತ್ತಿಲ್ಲ.

ಹಾದಿಬದಿ ಕ್ಯಾಮೆರಾ:

ಎರಡು ರಾತ್ರಿ ಕೂತು ನಾಲ್ಕರಲ್ಲಿ ಎರಡನ್ನು ಮೊದಲಿಂದ ಮತ್ತೆ ಎಡಿಟ್ ಮಾಡಿದೆ, ಮೇಲೆ ಹಾಕಿದ್ದೇನೆ ನೋಡಿ. ಶ್ಯಾಡೋ 18. ಕ್ಲಾರಿಟಿ ಸೊನ್ನೆ. ಆಕಾಶ ಇದ್ದ ಹಾಗೆಯೇ ಬಿಳಿ. ಗೈಡೆಡ್‌ನಲ್ಲಿ ಎರಡು ಗೆರೆ ಎಳೆದು ನೇರ ಮಾಡಿ, ಆಸ್ಪೆಕ್ಟ್ ಸ್ವಲ್ಪ ಎತ್ತಿದೆ. ಎಡಗಡೆಯ ಗೋಡೆ ಪೂರ್ತಿ ನೆರಳಲ್ಲಿ ಬಿಟ್ಟೆ. ಬಿಡಲು ಕಷ್ಟ ಆಯಿತು, ಅಷ್ಟು ಚೆಂದದ ಕಲ್ಲು ಕಾಣುವುದಿಲ್ಲವಲ್ಲ ಅಂತ. ಆದರೆ ಬಿಟ್ಟ ಮೇಲೆ ನೆಲದ ಪಟ್ಟೆಗಳು ಹೊಳೆಯಲು ಶುರುವಾದವು. ಅಮ್ಮನಿಗೆ ಎರಡೂ ತೋರಿಸಿದೆ. ಹೊಸದನ್ನು ನೋಡಿ, ಇಲ್ಲಿ ಕೂತ್ಕೋಬೇಕು ಅನ್ಸುತ್ತೆ ಅಂದರು.

ರಸಮಟ್ಟ:

ಮೊದಲನೆಯದು ಬಹಳ ಚೆನ್ನಾಗಿದೆ ಮೇಡಂ. ಇನ್ನು ಮುಟ್ಟಬೇಡಿ. ಎರಡನೆಯದರಲ್ಲಿ ಬಲ ಅಂಚಿನ ಕಂಬ ಇನ್ನೂ ಕೂದಲೆಳೆ ಹೊರಕ್ಕೆ ಬಾಗಿದೆ, ಲೆನ್ಸ್ ಪ್ರೊಫೈಲ್ ಹಾಕಿದ್ದೀರಾ ನೋಡಿ.

ಈ ಭಾನುವಾರ ಬೆಳಗ್ಗೆ ನಾನು ಅಂಬೇಡ್ಕರ್ ವೀಧಿಯ ವಿಶ್ವೇಶ್ವರಯ್ಯ ಟವರ್ ಹತ್ತಿರ ಇರುತ್ತೇನೆ, ಚಾರ್ಲ್ಸ್ ಕೊರಿಯಾ ಅವರ ಕಟ್ಟಡ. ವಾಹನ ಕಡಿಮೆ ಇರುತ್ತದೆ, ಹೊರಗೆ ರಸ್ತೆಯಿಂದಲೇ ತೆಗೆಯುವುದು. ಬರುವವರು ಆರೂವರೆಗೆ ಬನ್ನಿ. ಫೋನ್ ಇದ್ದರೂ ಸಾಕು. ಶಿಫ್ಟ್ ಲೆನ್ಸ್ ತರುತ್ತೇನೆ, ಬೇಕಾದವರು ಹಾಕಿ ನೋಡಬಹುದು.

ಮನೆ ಮಾರಾಟಕ್ಕಿದೆ:

ನಾನು ಬರುತ್ತೇನೆ ಸರ್. ಟ್ರೈಪಾಡ್ ಎರಡಿದೆ, ಒಂದು ಹೆಚ್ಚಿಗೆ ತರುತ್ತೇನೆ.